ಎಂಟು ಗಂಟೆಯ ಸೋಡಿ

ರೇವಣಸಿದ್ದಯ್ಯನವರ ಮನೆಯ ಅಟ್ಟದಲ್ಲಿ ಕೊಬ್ಬರಿಯ ಜೊತೆಗೆ ಕ್ಯಾಲೆಂಡರುಗಳೂ ಒಣಗುತ್ತವೆ. ಕೊಬ್ಬರಿಗೆ ಹತ್ತು ಹನ್ನೊಂದು ತಿಂಗಳಿಗೆ ಬಿಡುಗಡೆಯಾಗುತ್ತದೆ. ಕ್ಯಾಲೆಂಡರುಗಳಿಗೆ ಆ ಭಾಗ್ಯವಿಲ್ಲ. ಸಾವಿರದೊಂಬೈನೂರ ಎಂಬತ್ತೊಂದರಿಂದ ಹಿಡಿದು ಹೋದ ವರ್ಷದವರೆಗಿನ ಅಷ್ಟೂ ಗೋಡೆ ಕ್ಯಾಲೆಂಡರುಗಳು ಜಂತೆಯ ಮೊಳೆಗೆ ಒಂದರ ಮೇಲೊಂದು ನೇತುಬಿದ್ದಿವೆ. ಗೊಬ್ಬರದಂಗಡಿಯವರು ಕೊಟ್ಟದ್ದು, ಹಾಲಿನ ಸೊಸೈಟಿಯವರು ಕೊಟ್ಟದ್ದು, ಬಟ್ಟೆಯಂಗಡಿಯವರು ಬೇಡಬೇಡವೆಂದರೂ ಕೊಟ್ಟದ್ದು. ಒಂದೊಂದು ತಾರೀಖಿನ ಚೌಕದೊಳಗೂ ಇರುವೆಸಾಲಿನಂಥ ಅಕ್ಷರದಲ್ಲಿ ಒಂದೊಂದು ಸುದ್ದಿ: ‘ಸೋನೆ ಮಳೆ’, ‘ಎಮ್ಮೆ ಈದಿತು’, ‘ಮೋಟಾರಿನ ಸ್ಟಾರ್ಟರ್ ಸುಟ್ಟಿತು’. ಕೆಲವು ಚೌಕಗಳಲ್ಲಿ ಬರೀ ಒಂದು ಗುಣಿಸುವ ಗುರುತು. ಅದು ಅವರ ಹೆಂಡತಿ ವಿಮಲಮ್ಮನವರೊಡನೆ ಜಗಳವಾದ ದಿನ. ಕಾರಣ ಬರೆಯಲು ಚೌಕ ಸಾಲದು.

ಬರೆದಿಡುವುದು ದೊಡ್ಡ ವಿಷಯವಲ್ಲ. ಬರೆದದ್ದನ್ನು ಹಿಂತಿರುಗಿ ಓದುವುದು ಅವರ ಕಾಯಿಲೆ. ಕಾಯಿ ಅಟ್ಟಕ್ಕೆ ಹಾಕಲು ಹತ್ತಿದವರು ಇಳಿಯುವುದನ್ನೇ ಮರೆತು, ಯಾವ ಸಂಗತಿ ಎಷ್ಟು ದಿನಕ್ಕೊಮ್ಮೆ ಮರಳಿ ಬಂದಿದೆಯೆಂದು ಹುಡುಕುತ್ತ ಕೂತುಬಿಡುತ್ತಿದ್ದರು. ಸ್ಟಾರ್ಟರು ಮೂರು ಗೌರಿ ಹಬ್ಬಕ್ಕೊಂದು ಸಲ ಸುಡುತ್ತದೆ ಎಂದು ಕಂಡುಹಿಡಿದಿದ್ದರು. ಗುಣಿಸುವ ಗುರುತುಗಳನ್ನೂ ಲೆಕ್ಕ ಹಾಕಿ, ಜಗಳ ಬರುವುದು ಭಾವಮೈದ ಶಿವಮೂರ್ತಿ ಕೆಂಕೆರೆಯಿಂದ ಬಂದು ಹೋದ ಮರುದಿನ ಎಂದು ಪತ್ತೆಮಾಡಿದ್ದರು. ಅದನ್ನು ಬಾಯಿಬಿಟ್ಟು ಹೇಳಿದ ದಿನದ ಚೌಕದಲ್ಲಿ ಎರಡು ಗುಣಿಸುವ ಗುರುತುಗಳಿವೆ.

‘ಕೊಬ್ಬರಿ ಅಂದ್ರೂ ಹಂಗೇ ಕಣಪ್ಪ,’ ಎನ್ನುತ್ತಿದ್ದರು ನನಗೆ. ‘ಕಿವಿ ಹತ್ರ ಹಿಡ್ಕಂಡು ಅಲ್ಲಾಡಿಸ್ಬೇಕು. ಒಣಗಿದ್ರೆ ಒಳಗಿನ ಗುಂಡು ಸದ್ದು ಮಾಡ್ತದೆ. ವರ್ಷನೂ ಅಷ್ಟೇ. ಅಲ್ಲಾಡಿಸ್ದೋನಿಗೆ ಮಾತ್ರ ಕೇಳಿಸ್ತದೆ.’

ನಾನು ಯಾರೆಂದು ಹೇಳಿಬಿಡುತ್ತೇನೆ. ಹೆಸರು ರೇಣುಕಪ್ರಸಾದ್. ದಂಡಿನಶಿವರದ ಪಕ್ಕದ, ರೇವಣಸಿದ್ದಯ್ಯನವರ ಊರಿನವನೇ, ಅವರ ಮನೆಯಿಂದ ಮೂರನೆಯ ಮನೆ. ಬಿ.ಎಸ್ಸಿ. ಓದಿ ತುರುವೇಕೆರೆಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಊರಿನಲ್ಲಿ ವಿಜ್ಞಾನದ ಪ್ರಶ್ನೆಯೆದ್ದರೆ ನನ್ನನ್ನೇ ಕೇಳುತ್ತಾರೆ. ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಮೂರನೆಯ ಸಲಕ್ಕೆ ಪಾಸು ಮಾಡಿದೆನೆಂಬುದು ಇನ್ನೂ ಹೊರಗೆ ಬಿದ್ದಿಲ್ಲ. ಈ ಕಥೆಯಲ್ಲಿ ಆದ ತಪ್ಪೆಲ್ಲ ನನ್ನದೇ.

ಎರಡು ಸಾವಿರದ ಹತ್ತೊಂಬತ್ತರ ಜುಲೈ ಹದಿನೇಳು, ಬೆಳಗಿನ ಜಾವ. ಚಂದ್ರಗ್ರಹಣ. ಪೂರ್ತಿಯಲ್ಲ, ಖಂಡಗ್ರಾಸ, ಯಾರೋ ಕಚ್ಚಿಟ್ಟ ಕೊಬ್ಬರಿಯ ಹಾಗೆ ಚಂದ್ರ ಮೋಡದ ಸಂದಿಯಲ್ಲಿ ಕಂಡು ಮರೆಯಾದ. ಅದನ್ನು ಬರೆದಿಡಲು ರೇವಣಸಿದ್ದಯ್ಯನವರು ಅಟ್ಟ ಹತ್ತಿದವರು ಹಳೆಯದನ್ನು ತಿರುವಿದರು. ಎರಡು ಸಾವಿರದ ಒಂದನೇ ಇಸವಿಯ ಜುಲೈ ಐದರ ಚೌಕದಲ್ಲಿ ಬರೆದಿತ್ತು: ‘ಸಂಜೆ ಅರ್ಧ ಗ್ರಹಣ. ಎಮ್ಮೆ ಈದಿತು. ಹೆಣ್ಣು.’

ಅಂಗಡಿ ಬಾಗಿಲು ತೆಗೆಯುವ ಮೊದಲೇ ಎರಡೂ ಕ್ಯಾಲೆಂಡರು ಕಂಕುಳಲ್ಲಿಟ್ಟುಕೊಂಡು ಬಂದು ನಿಂತಿದ್ದರು.

‘ಪ್ರಸಾದು, ಹದಿನೆಂಟು ವರ್ಷ ಆಯ್ತು. ಮತ್ತೆ ಅದೇ ತಿಂಗಳು, ಅದೇ ಥರದ ಅರ್ಧಂಬರ್ಧ ಗ್ರಹಣ. ಇದಕ್ಕೂ ಒಂದು ಸುತ್ತು ಇರ್ಬೇಕಲ್ವಾ? ನೋಡು ನಿನ್ನ ಮೊಬೈಲಲ್ಲಿ.’

ನೋಡಿದೆ. ಇತ್ತು. ಒಂದು ಗ್ರಹಣ ಆದ ಮೇಲೆ ಹದಿನೆಂಟು ವರ್ಷ, ಹತ್ತೋ ಹನ್ನೊಂದೋ ದಿನ, ಅದರ ಮೇಲೆ ಎಂಟು ಗಂಟೆ ಕಳೆದರೆ ಸೂರ್ಯ, ಭೂಮಿ, ಚಂದ್ರ ಮೂವರೂ ಹಳೆಯ ಜಾಗಗಳಲ್ಲೇ ಬಂದು ನಿಲ್ಲುತ್ತಾರಂತೆ. ಅದೇ ಥರದ ಗ್ರಹಣ ಮರಳುತ್ತದಂತೆ. ಸಾವಿರಾರು ವರ್ಷಗಳ ಹಿಂದೆಯೇ ಯಾರೋ ಹೀಗೇ ಬರೆದಿಟ್ಟು, ಹೀಗೇ ತಿರುವಿ ನೋಡಿ ಕಂಡುಕೊಂಡಿದ್ದರಂತೆ. ಅವರ ಹೆಂಡಿರು ಏನೆನ್ನುತ್ತಿದ್ದರೋ ಅಲ್ಲಿ ಬರೆದಿರಲಿಲ್ಲ.

ಇಲ್ಲೇ ನಾನು ಎಡವಿದ್ದು. ನಮ್ಮ ಕಡೆ ‘ಸೋಡಿ’ ಅಂತೊಂದು ಮಾತಿದೆ. ಕೊಬ್ಬರಿ ತೂಗುವಾಗ ಧೂಳು, ತೇವ, ಚೂರು ಎಂದು ಹೇಳಿ ಕೊಳ್ಳುವವನು ತೂಕದಲ್ಲಿ ಒಂದಿಷ್ಟು ಮುರಿದುಕೊಳ್ಳುತ್ತಾನಲ್ಲ, ಅದು. ತಕ್ಕಡಿಯ ಹತ್ತಿರ ಬೆಳೆದವರಿಗೆ ಯಾವ ಲೆಕ್ಕದಲ್ಲೂ ಕೊನೆಯ ಚೂರನ್ನು ಮುರಿಯದಿದ್ದರೆ ಸಮಾಧಾನವಿಲ್ಲ. ‘ಹದಿನೆಂಟು ವರ್ಷ, ಹತ್ತು ಹನ್ನೊಂದು ದಿನ’ ಎಂದು ಹೇಳಿ ನಾನು ಎಂಟು ಗಂಟೆಯನ್ನು ಸೋಡಿ ಮುರಿದೆ. ಹದಿನೆಂಟು ವರ್ಷದ ಮುಂದೆ ಎಂಟು ಗಂಟೆ ಏನು ಮಹಾ? ನಮ್ಮೂರಿನ ಬಸ್ಸು ಎಷ್ಟೋ ಸಲ ಅಷ್ಟು ತಡವಾಗಿ ಬಂದಿದೆ.

‘ಆವಾಗ ಸಂಜೆ ಹಿಡೀತು, ಈವಾಗ ಬೆಳಗಿನ ಜಾವ. ಅದ್ಯಾಕೆ?’ ಎಂದು ಕೇಳಿದರು ಪುಣ್ಯಾತ್ಮರು.

‘ಅಷ್ಟು ಹೆಚ್ಚುಕಮ್ಮಿ ಇರ್ತದೆ ಬಿಡಿ ಅಣ್ಣ,’ ಎಂದೆ. ಗುರುವಿನ ಗತ್ತಿನಲ್ಲಿ ಅಂದೆ.

ಐದು ವರ್ಷ ಆ ಎಂಟು ಗಂಟೆ ನನ್ನ ಹತ್ತಿರವೇ ಉಳಿಯಿತು.

ಎರಡು ಸಾವಿರದ ಇಪ್ಪತ್ತನಾಲ್ಕರ ಆಗಸ್ಟಿನಲ್ಲಿ ರೇವಣಸಿದ್ದಯ್ಯನವರು ಎರಡು ಸಾವಿರದ ಆರನೇ ಇಸವಿಯ ಕ್ಯಾಲೆಂಡರನ್ನು ಇಳಿಸಿದರು. ಸೆಪ್ಟೆಂಬರ್ ಏಳರ ಚೌಕದಲ್ಲಿ: ‘ರಾತ್ರಿ ಹನ್ನೊಂದೂವರೆಗೆ ಚಂದ್ರನಿಗೆ ಹಿಡಿದು ಒಂದಕ್ಕೆ ಬಿಟ್ಟಿತು. ಸ್ವಲ್ಪವೇ.’ ಅದಕ್ಕೆ ಹದಿನೆಂಟು ವರ್ಷ ಕೂಡಿಸಿದರು. ನಡುವೆ ಬಂದ ಫೆಬ್ರವರಿ ಇಪ್ಪತ್ತೊಂಬತ್ತುಗಳನ್ನು ಬೆರಳಿನಲ್ಲಿ ಎಣಿಸಿ ಹತ್ತು ದಿನ ಸೇರಿಸಿದರು. ಸೆಪ್ಟೆಂಬರ್ ಹದಿನೇಳು, ಮಂಗಳವಾರ, ರಾತ್ರಿ ಹನ್ನೊಂದೂವರೆ. ಹುಣ್ಣಿಮೆಯೂ ಸರಿಹೊಂದಿತು. ಊರಿಗೆಲ್ಲ ಹೇಳಿಬಿಟ್ಟರು.

ಗ್ರಹಣದ ವಾರ ಶಿವಮೂರ್ತಿ ಬಂದ. ವಿಮಲಮ್ಮನವರ ತಮ್ಮ, ಕೊಬ್ಬರಿ ವ್ಯಾಪಾರಿ. ಭಾವನ ಕೊಬ್ಬರಿಯನ್ನೇ ಕೊಂಡು ಭಾವನಿಗೇ ಸೋಡಿ ಮುರಿಯುವವನು. ಜಗಲಿಯ ಮೇಲೆ ಕೂತು ಕಾಫಿ ಕುಡಿಯುತ್ತ ನಕ್ಕ.

‘ಭಾವ, ಟೀವೀಲಿ ಜೋಯಿಸ್ರು ಹೇಳವ್ರೆ. ಈ ಸಲ ನಮ್ ದೇಶಕ್ಕೆ ಗ್ರಹಣ ಇಲ್ಲ.’

‘ಟೀವಿಯೋರು ಹೋದ ತಿಂಗ್ಳು ಮಳೆನೂ ಇಲ್ಲ ಅಂದಿದ್ರು. ನಿನ್ನ ಲಾರಿ ಹೂತ್ಕಂಡಿದ್ದು ಬಿಸ್ಲಲ್ಲೇನ್ಲಾ?’

‘ಗ್ರಹಣ ಹಿಡೀಲಿಲ್ಲ ಅಂದ್ರೆ?’

ಒಳಗಿನಿಂದ ವಿಮಲಮ್ಮನವರು ಹೊರಬಂದರು. ಅವರಿಗೂ ಆ ಕ್ಯಾಲೆಂಡರುಗಳಿಗೂ ಹಳೆಯ ದ್ವೇಷ. ಅಟ್ಟದಲ್ಲಿ ಇಲಿ ಸಂಸಾರ ಹೂಡಿರುವುದೇ ಆ ಕಾಗದದಿಂದ ಎಂದು ಅವರ ವಾದ. ಸೆರಗು ಸಿಕ್ಕಿಸಿಕೊಂಡು ಹೇಳಿದರು:

‘ಹಿಡೀಲಿಲ್ಲ ಅಂದ್ರೆ ಬೆಳಿಗ್ಗೆಗೆ ಅಷ್ಟೂ ಕ್ಯಾಲೆಂಡರು ಹಂಡೆ ಒಲೆಗೆ. ನಾನೇ ಹಾಕ್ತೀನಿ. ಒಪ್ಪಿದ್ರಾ?’

ರೇವಣಸಿದ್ದಯ್ಯನವರು ನನ್ನ ಮುಖ ನೋಡಿದರು. ನಾನು ಗಂಭೀರವಾಗಿ ತಲೆಯಾಡಿಸಿದೆ. ಅವರು ಒಪ್ಪಿದರು. ನಲವತ್ತಮೂರು ವರ್ಷದ ಮಳೆ, ಎಮ್ಮೆ, ಸ್ಟಾರ್ಟರು, ಜಗಳ ಎಲ್ಲವೂ ನನ್ನ ಒಂದು ತಲೆಯಾಟದ ಮೇಲೆ ನಿಂತವು. ಆಗಲೂ ಮೊಬೈಲು ನನ್ನ ಜೇಬಿನಲ್ಲೇ ಇತ್ತು. ತೆಗೆದು ನೋಡಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಗೊತ್ತಿರುವವನು ಎಲ್ಲರ ಎದುರಿಗೆ ನೋಡಿ ಹೇಳಬಾರದಲ್ಲ.

ಹದಿನೇಳನೆಯ ತಾರೀಖು ಊರು ಆರು ಗಂಟೆಗೇ ಉಂಡು ಕೈತೊಳೆಯಿತು. ನಂಬದವರೂ, ಇರಲಿ ಎಂದು, ಮೊಸರಿಗೆ ಗರಿಕೆ ಹಾಕಿ ಮುಚ್ಚಿದರು. ರೇವಣಸಿದ್ದಯ್ಯನವರ ತಾಯಿ, ಎಂಬತ್ತು ದಾಟಿದ ಸಿದ್ದಮ್ಮಜ್ಜಿ, ಒನಕೆಯನ್ನು ತೊಳೆದು, ಅಂಗಳದಲ್ಲಿ ಹಿತ್ತಾಳೆ ತಟ್ಟೆಯಿಟ್ಟು ನೀರು ತುಂಬಿಸಿದರು. ಗ್ರಹಣ ಹಿಡಿದಿರುವಷ್ಟು ಹೊತ್ತು ಒನಕೆ ಆ ನೀರಿನಲ್ಲಿ ತಾನೇ ನೆಟ್ಟಗೆ ನಿಲ್ಲುತ್ತದೆ, ಬಿಟ್ಟ ಗಳಿಗೆಗೆ ಬೀಳುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ರೇವಣಸಿದ್ದಯ್ಯನವರಿಗೆ ಅದೆಂದರೆ ಆಗದು.

‘ಅವ್ವಾ, ಲೆಕ್ಕ ಅದೆ. ಒನಕೆ ಯಾಕೆ?’

‘ನಿನ್ ಲೆಕ್ಕಕ್ಕೆ ಒಂದು ಸಾಕ್ಷಿ ಇರ್ಲಿ ಕಣ್ ಮಗ. ನೀ ಹುಟ್ಟಿದ್ದೂ ಇದೇ ಒನಕೆ ನಿಂತಿದ್ದಾಗ್ಲೇ.’

ಹನ್ನೊಂದೂವರೆಯಾಯಿತು. ತೆಂಗಿನ ಗರಿಗಳ ಮೇಲೆ ಚಂದ್ರ ಅರಿಶಿನ ಕುಂಕುಮಕ್ಕೆ ಹೊರಟ ಮುತ್ತೈದೆಯಂತೆ ತುಂಬುಮುಖದಲ್ಲಿದ್ದ. ಒಂದು ಮೋಡವೂ ಇಲ್ಲ. ಅದರ ಮೇಲೆ ತಪ್ಪು ಹೊರಿಸುವುದಕ್ಕೂ ದಾರಿಯಿಲ್ಲ. ಹನ್ನೆರಡಾಯಿತು. ಹನ್ನೆರಡೂವರೆ. ಶಿವಮೂರ್ತಿ ತಾನೇ ಎದ್ದು ಒನಕೆಯನ್ನು ತಟ್ಟೆಯಲ್ಲಿ ನಿಲ್ಲಿಸಿ ಕೈಬಿಟ್ಟ. ಅದು ದಡಾರನೆ ಬಿತ್ತು. ಇನ್ನೊಮ್ಮೆ ನಿಲ್ಲಿಸಿದ. ಇನ್ನೊಮ್ಮೆ ಬಿತ್ತು. ಅವನು ನಿಲ್ಲಿಸುತ್ತಿದ್ದನೋ ಬೀಳಿಸುತ್ತಿದ್ದನೋ ಹೇಳುವುದು ಕಷ್ಟ.

‘ಭಾವ, ಚಂದ್ರಂಗೆ ಏನೂ ಆಗಿಲ್ಲ. ನಿಮಗೇ ಹಿಡ್ದಿರ್ಬೇಕು!’

ಜನ ಹೊಟ್ಟೆ ತುಂಬ ನಕ್ಕರು. ಅದು ಖಾಲಿಯಾಗಿದ್ದರಿಂದ ಜಾಗ ಬೇಕಾದಷ್ಟಿತ್ತು. ಒಂದೂವರೆಗೆ ಎಲ್ಲ ಮನೆಗಳಲ್ಲೂ ಒಲೆ ಹತ್ತಿ ಉಪ್ಪಿಟ್ಟಿನ ಒಗ್ಗರಣೆ ಚಟಪಟಗುಟ್ಟಿತು. ರೇವಣಸಿದ್ದಯ್ಯನವರು ಮಾತ್ರ ಕತ್ತೆತ್ತಿಕೊಂಡೇ ಕೂತಿದ್ದರು. ‘ಬತ್ತದೆ ಕಣಪ್ಪ. ಎಲ್ಲೋ ತಡ ಆಗದೆ,’ ಎಂದರು ಮೆಲ್ಲಗೆ. ಎಲ್ಲಿ ತಡವಾಗಿದೆ ಎಂದು ನನಗೆ ಆಗ ನೆನಪಾಯಿತು. ಆ ಎಂಟು ಗಂಟೆ ಐದು ವರ್ಷದಿಂದ ನನ್ನ ಜೇಬಿನಲ್ಲೇ ಇತ್ತು. ಹೇಳಲು ಧೈರ್ಯ ಬರಲಿಲ್ಲ; ಮನೆಗೆ ಹೋಗಿ ಮುಸುಕೆಳೆದು ಮಲಗಿದೆ.

ಬೆಳಿಗ್ಗೆ ಎಂಟಕ್ಕೆ ಎದ್ದು ಓಡಿದೆ. ಅಷ್ಟು ಹೊತ್ತಿಗೆ ಬಚ್ಚಲ ಬಾಗಿಲಲ್ಲಿ ಕ್ಯಾಲೆಂಡರುಗಳು ಕಟ್ಟುಕಟ್ಟಾಗಿ ಬಂದು ಬಿದ್ದಿದ್ದವು. ವಿಮಲಮ್ಮನವರು ಎಂಬತ್ತೊಂದರದ್ದನ್ನು ಕೈಯಲ್ಲಿ ಹಿಡಿದಿದ್ದರು. ಶಿವಮೂರ್ತಿ ಹಂಡೆ ಒಲೆಗೆ ತೆಂಗಿನ ಮಟ್ಟೆ ತುರುಕಿ ಊದುತ್ತಿದ್ದ. ರೇವಣಸಿದ್ದಯ್ಯನವರು ಸ್ವಂತ ಎಮ್ಮೆ ಮಾರುವವರ ಹಾಗೆ ಬೇರೆ ದಿಕ್ಕಿಗೆ ಮುಖ ಮಾಡಿ ನಿಂತಿದ್ದರು.

‘ಅಕ್ಕಾ, ತಡೀರಿ!’ ಎಂದೆ.

ಅಷ್ಟರಲ್ಲೇ ಅಂಗಳದಿಂದ ಸಿದ್ದಮ್ಮಜ್ಜಿಯ ಕೂಗು ಬಂತು: ‘ಲೇ ಯಾರ್‌ಲಾ ಅಲ್ಲಿ! ಬಂದ್ ನೋಡ್ರೋ!’

ರಾತ್ರಿಯ ತಟ್ಟೆಯನ್ನು ಎತ್ತಿಡಲು ಹೋದ ಅಜ್ಜಿ, ಒನಕೆಯನ್ನು ಗೋಡೆಗೆ ಒರಗಿಸುವ ಮೊದಲು ಒಮ್ಮೆ ತಟ್ಟೆಯಲ್ಲಿ ನಿಲ್ಲಿಸಿ ನೋಡಿದ್ದರು. ಬೆಳಬೆಳಗಿನ ಬಿಸಿಲಿನಲ್ಲಿ, ಕೋಳಿಗಳ ನಡುವೆ, ಒನಕೆ ನೆಟ್ಟಗೆ ನಿಂತಿತ್ತು. ಯಾರೂ ಹಿಡಿದುಕೊಂಡಿರಲಿಲ್ಲ.

‘ಎಂಟೂಕಾಲು,’ ಎಂದೆ ನಾನು ಮೊಬೈಲು ನೋಡುತ್ತ. ಈ ಸಲ ಎಲ್ಲರ ಎದುರಿಗೇ ನೋಡಿದೆ. ‘ಗ್ರಹಣ ಈಗ ಹಿಡಿದಿದೆ, ಅಣ್ಣ. ಇದೇ ಗಳಿಗೆಯಲ್ಲಿ. ಏಳು ಮುಕ್ಕಾಲಿಗೆ ಹಿಡಿದಿದೆ, ಎಂಟು ಮುಕ್ಕಾಲಿಗೆ ಬಿಡುತ್ತೆ. ಚಂದ್ರ ಈಗ ನಮಗಿಲ್ಲ, ಭೂಮಿಯ ಆ ಕಡೆಯವರಿಗಿದ್ದಾನೆ. ನಿಮ್ಮ ಲೆಕ್ಕ ಸರಿ ಇತ್ತು. ನಾನು ಎಂಟು ಗಂಟೆ...’

‘ಎಂಟು ಗಂಟೆ ಏನು?’

‘ಸೋಡಿ ಮುರಿದಿದ್ದೆ.’

ಶಿವಮೂರ್ತಿ ಮೊದಲು ನಕ್ಕ. ಆಮೇಲೆ ಒಲೆಯಿಂದ ಮಟ್ಟೆ ಹೊರಗೆಳೆದ. ವ್ಯಾಪಾರಿಯಾದರೂ ಮಾತಿಗೆ ನಿಲ್ಲುವವನು. ‘ಪ್ರಸಾದಣ್ಣ, ನಾವು ತೂಕದಲ್ಲಿ ಮುರೀತೀವಿ. ನೀವು ಆಕಾಶದಲ್ಲೇ ಮುರಿದ್ರಲ್ಲ! ನಮ್ ಅಂಗ್ಡೀಗೆ ಬಂದ್‌ಬುಡಿ.’

ರೇವಣಸಿದ್ದಯ್ಯನವರು ನನ್ನನ್ನು ಬೈಯಲಿಲ್ಲ. ಅವರ ಕಣ್ಣು ಒನಕೆಯ ಮೇಲಿತ್ತು, ಮನಸ್ಸು ಬೇರೆಲ್ಲೋ ಇತ್ತು. ಒಳಗೆ ಹೋಗಿ ಒಂದು ಸುಲಿದ ಕಾಯಿ ತಂದರು. ಜುಟ್ಟು ಕಿತ್ತರು. ಮೂರು ಕಣ್ಣು ಕಂಡವು.

‘ಎಂಟು ಗಂಟೆ ಅಂದ್ರೆ ದಿನದಲ್ಲಿ ಮೂರನೇ ಒಂದು ಪಾಲು ಅಲ್ವಾ? ಭೂಮಿ ಅಷ್ಟು ಹೆಚ್ಚು ತಿರುಗಿರ್ತದೆ.’ ಕಾಯಿಯನ್ನು ಒಂದು ಕಣ್ಣಿನಷ್ಟು ತಿರುಗಿಸಿದರು. ‘ಹೋದ ಸಲ ಈ ಕಣ್ಣು ಚಂದ್ರನ ಕಡೆಗಿತ್ತು. ಅದು ನಾವು. ಈ ಸಲ ಈ ಕಣ್ಣು. ಅದ್ಯಾರೋ ಪುಣ್ಯವಂತ್ರು. ಮುಂದಿನ ಸಲ ಇದು. ಆಮೇಲೆ...’ ಮತ್ತೊಮ್ಮೆ ತಿರುಗಿಸಿದರು. ಮೊದಲಿನ ಕಣ್ಣೇ ಎದುರಿಗೆ ಬಂತು. ‘ಮೂರೆಂಟ್ಲಿ ಇಪ್ಪತ್ನಾಕು. ಒಂದು ಪೂರ್ತಿ ದಿನ! ಸೋಡಿ ಎಲ್ಲೂ ಹೋಗಿಲ್ಲ ಕಣಪ್ಪ. ಮೂರು ಸುತ್ತಿಗೆ ಮನೆಗೇ ವಾಪಸ್ ಬತ್ತದೆ. ಐವತ್ನಾಕು ವರ್ಷ, ಮೇಲೊಂದು ತಿಂಗ್ಳು.’

ಬಿ.ಎಸ್ಸಿ.ಯ ಮೂರು ವರ್ಷದಲ್ಲಿ ನನಗೆ ಯಾರೂ ಹೀಗೆ ಪಾಠ ಹೇಳಿರಲಿಲ್ಲ.

ಕಾಯಿ ಕೈಯಲ್ಲಿ ಹಿಡಿದೇ ಅವರು ಥಟ್ಟನೆ ತಾಯಿಯ ಕಡೆ ತಿರುಗಿದರು. ‘ಅವ್ವಾ, ನಾನು ಹುಟ್ಟಿದ್ದು ಗ್ರಹಣದಲ್ಲಿ ಅಂದ್ಯಲ್ಲ. ಯಾವಾಗ? ಸರಿಯಾಗಿ ಜ್ಞಾಪಿಸ್ಕ.’

ಇದೊಂದು ಅವರ ಹಳೆಯ ಕೊರತೆ. ಊರಿನ ಎಲ್ಲ ಎಮ್ಮೆಗಳ ಹುಟ್ಟಿದ ದಿನ ಅವರ ಹತ್ತಿರವಿತ್ತು, ಅವರದ್ದೇ ಇರಲಿಲ್ಲ. ಶಾಲೆಗೆ ಸೇರಿಸುವಾಗ, ತಲೆಯ ಮೇಲಿಂದ ಕೈ ಹಾಕಿ ಆ ಕಡೆಯ ಕಿವಿ ಮುಟ್ಟಿದರೆ ಆರು ವರ್ಷ ತುಂಬಿತೆಂದು ಲೆಕ್ಕ. ರೇವಣಸಿದ್ದಯ್ಯನವರದ್ದು ಉದ್ದ ಕೈ. ಕಿವಿಯಷ್ಟೇ ಅಲ್ಲ, ಕೆನ್ನೆಯನ್ನೂ ಮುಟ್ಟಿತು. ಮೇಷ್ಟ್ರು ಸಾವಿರದೊಂಬೈನೂರ ಅರವತ್ತೊಂದು ಜೂನ್ ಒಂದು ಎಂದು ಬರೆದುಕೊಂಡರು.

‘ಇಸ್ವಿ ಗಿಸ್ವಿ ನಂಗೊತ್ತಿಲ್ಲ,’ ಎಂದರು ಅಜ್ಜಿ. ‘ಆಷಾಢದ ಹುಣ್ಣಿಮೆ. ಕೋಳಿ ಕೂಗೋ ಮುಂಚೆ. ಚಂದ್ರಪ್ಪನ್ನ ಪೂರ್ತಿ ನುಂಗಿರ್ಲಿಲ್ಲ, ಒಂದು ಹೋಳು ಕಾಯಿಯಷ್ಟು ಉಳ್ಸಿತ್ತು. ಸೂಲಗಿತ್ತಿ ಹೊರಗೆ ಹೋಗಿ ನೋಡ್ಕಂಡು ಬಂದು ಹೇಳಿದ್ಲು.’

ಹುಡುಕಾಟ ಶುರುವಾಯಿತು. ಎಂಬತ್ತೊಂದಕ್ಕಿಂತ ಹಿಂದಿನ ಕ್ಯಾಲೆಂಡರಿಲ್ಲ. ಆದರೆ ಈಗ ಬೇಕಿರಲಿಲ್ಲ. ಅಂದಿನ ಗ್ರಹಣ ಐವತ್ತನಾಲ್ಕು ವರ್ಷ, ಒಂದು ತಿಂಗಳಿಗೆ ಇದೇ ಅಂಗಳಕ್ಕೆ ಮರಳಿ ಬಂದಿರಲೇಬೇಕು. ಮೇಷ್ಟ್ರ ಅರವತ್ತೊಂದರಿಂದ ಮುಂದಕ್ಕೆ ಐವತ್ತನಾಲ್ಕು ಕೂಡಿಸುತ್ತ, ಬಚ್ಚಲ ಬಾಗಿಲಿನ ರಾಶಿಯಿಂದ, ಒಲೆಗೆ ಒಂದು ಮೊಳ ದೂರದಿಂದ, ಎರಡು ಸಾವಿರದ ಹದಿನೈದರಿಂದ ಹದಿನೆಂಟರವರೆಗಿನ ನಾಲ್ಕನ್ನು ಎಳೆದರು. ಹದಿನೈದರದ್ದು ಏಪ್ರಿಲಿನ ಗ್ರಹಣ, ಆಷಾಢಕ್ಕೆ ಹೊಂದದು. ಹದಿನಾರರಲ್ಲಿ ಬರೆದದ್ದೇ ಇಲ್ಲ. ಹದಿನೆಂಟರವು ಪೂರ್ತಿ ನುಂಗಿದವು. ಅಜ್ಜಿಯ ಹೋಳು ಅಲ್ಲಿ ಉಳಿಯುವುದಿಲ್ಲ. ಹದಿನೇಳರ ಆಗಸ್ಟ್ ಏಳು: ‘ರಾತ್ರಿ ಗ್ರಹಣ, ಒಂದು ಚೂರು. ಶ್ರಾವಣ ಹುಣ್ಣಿಮೆ.’

‘ಶ್ರಾವಣದಿಂದ ಒಂದು ತಿಂಗ್ಳು ಹಿಂದಕ್ಕೆ ಹೋದ್ರೆ?’ ಎಂದರು ರೇವಣಸಿದ್ದಯ್ಯನವರು.

‘ಆಷಾಢ,’ ಎಂದರು ಅಜ್ಜಿ.

ಮೊಬೈಲಿನಲ್ಲಿ ನೋಡಿದೆ. ಸಾವಿರದೊಂಬೈನೂರ ಅರವತ್ತಮೂರು, ಜುಲೈ ಏಳು. ಖಂಡಗ್ರಾಸ. ಬೆಳಗಿನ ಜಾವ ಎರಡಕ್ಕೆ ಹಿಡಿದು ಐದಕ್ಕೆ ಬಿಟ್ಟಿದೆ. ಚಂದ್ರನಲ್ಲಿ ಉಳಿದದ್ದು ಸುಮಾರು ಒಂದು ಹೋಳು.

ರೇವಣಸಿದ್ದಯ್ಯನವರು ಒನಕೆಯ ಪಕ್ಕದಲ್ಲೇ ನೆಲಕ್ಕೆ ಕೂತುಬಿಟ್ಟರು. ಅರವತ್ತೊಂದನೆಯ ವಯಸ್ಸಿನಲ್ಲಿ ಅವರಿಗೊಂದು ಹುಟ್ಟಿದ ದಿನ ಸಿಕ್ಕಿತ್ತು. ‘ನೋಡ್ದಾ, ಎರಡು ವರ್ಷ ಉಳೀತು ನಂಗೆ!’ ಎಂದು ಮಗುವಿನಂತೆ ನಕ್ಕರು. ಅಜ್ಜಿ ಮಗನ ತಲೆ ಸವರಿದರು. ಅಷ್ಟು ಹೊತ್ತಿಗೆ ಎಂಟು ಮುಕ್ಕಾಲಾಗಿತ್ತು. ಒನಕೆ ಬಿತ್ತು. ಕೋಳಿಯೊಂದು ಅದಕ್ಕೆ ಡಿಕ್ಕಿ ಹೊಡೆದದ್ದನ್ನು ನಾನು ನೋಡಿದೆ; ಯಾರಿಗೂ ಹೇಳಲಿಲ್ಲ. ಮರುದಿನ ನಮ್ಮ ಮನೆಯ ಒನಕೆಯನ್ನೂ ನಿಲ್ಲಿಸಿ ನೋಡಿದೆ. ಬುಡ ಚಪ್ಪಟೆಯಾಗಿದ್ದರೆ ಗುರುವಾರವೂ ನಿಲ್ಲುತ್ತದೆ. ಅದನ್ನೂ ಹೇಳಿಲ್ಲ. ನನ್ನ ಮಾನ ಉಳಿಸಿದ ಒನಕೆಯ ಮಾನ ನಾನು ಕಳೆಯಬಾರದು.

ಎಲ್ಲರೂ ನಗುತ್ತಿರುವಾಗ ವಿಮಲಮ್ಮನವರು ಮಾತ್ರ ಬೆರಳು ಮಡಿಸುತ್ತ ಏನೋ ಎಣಿಸುತ್ತಿದ್ದರು.

‘ಅರವತ್ಮೂರು ಜುಲೈ ಅಂದ್ರಾ?’

‘ಹೂಂ ಕಣೇ.’

‘ನಮ್ಮಪ್ಪ ಮೇಷ್ಟ್ರು. ನಾನು ಹುಟ್ಟಿದ್ದನ್ನ ಗಂಟೆ ಸಮೇತ ಬರೆದಿಟ್ಟವ್ರೆ. ಅರವತ್ತೆರಡು, ಡಿಸೆಂಬರ್ ಹನ್ನೆರಡು.’

ಶಿವಮೂರ್ತಿಗೆ ಮೊದಲು ಹೊಳೆಯಿತು. ಭಾವನ ಕಿವಿಯಲ್ಲಿ ಪಿಸುಗುಟ್ಟಿದರೂ ಎಲ್ಲರಿಗೂ ಕೇಳಿಸಿತು: ‘ಭಾವ, ಒಲೆ ಇನ್ನೂ ಬೆಚ್ಚಗದೆ. ಆ ಹದಿನೇಳರದ್ದೊಂದನ್ನ ಹಾಕ್‌ಬುಡಿ.’

‘ಮುಟ್ಟಿದ್ರೆ ನೋಡು!’ ಎಂದರು ವಿಮಲಮ್ಮನವರು. ಗಂಡನ ಕೈಯಿಂದ ಕ್ಯಾಲೆಂಡರನ್ನು ಕಿತ್ತುಕೊಂಡರು. ‘ನಲವತ್ತು ವರ್ಷದಿಂದ ‘ನಿಂಗೇನ್ ಗೊತ್ತು, ನಾನು ದೊಡ್ಡೋನು’ ಅಂತ ಬಾಯಿ ಮುಚ್ಚಿಸ್ತಾ ಬಂದ್ರಲ್ಲ. ಏಳು ತಿಂಗ್ಳು ದೊಡ್ಡೋಳು ನಾನು. ಇನ್ಮೇಲೆ ಸ್ವಲ್ಪ ತಗ್ಗಿ ಬಗ್ಗಿ ನಡೀರಿ.’

ಅಷ್ಟೂ ಕ್ಯಾಲೆಂಡರುಗಳು ಧೂಳು ಕೊಡವಿಸಿಕೊಂಡು ಅಟ್ಟಕ್ಕೆ ಮರಳಿದವು. ಇಲಿ ಬಾರದಿರಲೆಂದು ವಿಮಲಮ್ಮನವರೇ ಬೇವಿನ ಸೊಪ್ಪು ಇಟ್ಟರು. ಒಂದು ಮಾತ್ರ ಅಟ್ಟಕ್ಕೆ ಹೋಗಲಿಲ್ಲ. ಆ ಶನಿವಾರ ಅವರು ಬಸ್ಸು ಹತ್ತಿ ನನ್ನ ಅಂಗಡಿಗೆ ಬಂದರು. ರೇಷ್ಮೆ ಸೀರೆಯೊಳಗೆ ಮಡಿಸಿಟ್ಟಿದ್ದ ಹದಿನೇಳರ ಆಗಸ್ಟ್ ತಿಂಗಳ ಹಾಳೆಯನ್ನು ಮೇಜಿನ ಮೇಲೆ ಹರವಿದರು.

‘ಪ್ರಸಾದು, ಇದನ್ನ ಲ್ಯಾಮಿನೇಷನ್ ಮಾಡಿ ಕೊಡಪ್ಪ.’

ಹಾಳೆ ನನ್ನ ಯಂತ್ರಕ್ಕಿಂತ ಒಂದು ಬೆರಳು ಅಗಲವಿತ್ತು. ಕತ್ತರಿ ತೆಗೆದೆ. ‘ಅಕ್ಕ, ಅಂಚಿನಲ್ಲಿ ಒಂದು ಚೂರು ಕತ್ತರಿಸಿದ್ರೆ ಸರಿಯಾಗಿ ಕೂರ್ತದೆ. ಏನೂ ಗೊತ್ತಾಗಲ್ಲ.’

ವಿಮಲಮ್ಮನವರು ಹಾಳೆಯ ಮೇಲೆ ಎರಡೂ ಕೈ ಇಟ್ಟರು.

‘ಒಂದು ಎಳೆನೂ ಕತ್ತರಿಸಬ್ಯಾಡ. ನೀನು ಮುರಿದ ಸೋಡಿ ಸಾಕು.’